ಮೊದಲ ಬೆಂಚಿನಲ್ಲಿ ನಿಂತುಹೋದ ಸಮಾಧಾನ

ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ನಮ್ಮ ಮಧುಗಿರಿಯ ದೇವಾಲಯದಲ್ಲಿ ದೇವರ ಸಮಾಧಾನ ಕೆಟ್ಟು ನಿಂತಿತು. ದಾರಿಯಲ್ಲಿ ಲಾರಿ ಕೆಟ್ಟು ನಿಲ್ಲುತ್ತದಲ್ಲ, ಹಾಗೆ. ಕೆಟ್ಟದ್ದು ನನ್ನ ಕೈಯಲ್ಲೇ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕರ್ತನ ಭೋಜನಕ್ಕೆ ಮುಂಚೆ ನಮ್ಮಲ್ಲೊಂದು ಪದ್ಧತಿ ಇದೆ. ಅಯ್ಯನವರು (ಅಂದರೆ ನಮ್ಮ ಪಾದ್ರಿಗಳು) ಸಭೆಯ ಹಿರಿಯನ ಜೋಡಿಸಿದ ಕೈಗಳನ್ನು ಹಿಡಿದು ‘ಸಮಾಧಾನ’ ಎನ್ನುತ್ತಾರೆ. ಹಿರಿಯ ಅದನ್ನು ಮೊದಲ ಬೆಂಚಿಗೆ ಕೊಡಬೇಕು. ಅಲ್ಲಿಂದ ಕೈಯಿಂದ ಕೈಗೆ, ಕೊನೆಯ ಬೆಂಚಿನವರೆಗೆ. ಆಮೇಲೆ ರೊಟ್ಟಿ, ದ್ರಾಕ್ಷಾರಸ.

ಬಲಗಡೆಗೆ ಕೊಡುವ ಹಿರಿಯ ನಾನು. ಎಡಗಡೆಗೆ ಕೊಡುವ ಹಿರಿಯರು ಆ ದಿನ ಶಿರಾಕ್ಕೆ ಮದುವೆಗೆ ಹೋಗಿದ್ದರು. ಬಲಗಡೆಗೆ ಕೊಟ್ಟು, ಎಡಗಡೆಗೂ ನಾನೇ ತಿರುಗಿದೆ. ಮೊದಲ ಬೆಂಚಿನ ತುದಿಯಲ್ಲಿ ಕಾಂಪೌಂಡರ್ ದಾವೀದಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದರು.

ನಾನೂ ಕೈ ಚಾಚಲಿಲ್ಲ.

ಕಾರಣ? ದಾವೀದಪ್ಪ ಪಾವಗಡದ ಕಡೆಯವರು. ನಾಲ್ಕು ತಿಂಗಳ ಹಿಂದೆ ಆರಾಧನೆಯಲ್ಲಿ ಒಂದು ತೆಲುಗು ಹಾಡು ಎತ್ತಿಕೊಂಡರು. ಏಳು ಚರಣ! ನಾನು ಬೋರ್ಡಿಂಗ್ ಶಾಲೆಯಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ದೇವಾಲಯದ ಬಾಗಿಲಿಗೆ ಅಂಟಿಸಿದ ನನ್ನ ಟೈಂಟೇಬಲ್ಲಿನಲ್ಲಿ ಹಾಡಿಗೆ ನಾಲ್ಕೇ ನಿಮಿಷ. ಮೂರನೆಯ ಚರಣಕ್ಕೆ ಮೇಜಿನ ಗಂಟೆ ಬಾರಿಸಿಬಿಟ್ಟೆ. ಅವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

ಅಂದಿನಿಂದ ಎಡಕ್ಕೆ ತೆಲುಗು, ಬಲಕ್ಕೆ ಕನ್ನಡ. ಮೊದಲು ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು ಕೂರುತ್ತಿದ್ದರು. (ಈ ಜಗಳದಿಂದ ಆದ ಒಂದೇ ಲಾಭವೆಂದರೆ ಗಂಡ ಹೆಂಡತಿ ಒಟ್ಟಿಗೆ ಕೂರುವಂತಾದದ್ದು.) ಪೇಪರ್ ತೆಗೆದರೆ ಭಾಷೆಯ ಗಲಾಟೆ, ಗಡಿಯ ಗಲಾಟೆ ಎಂದು ನಿಟ್ಟುಸಿರು ಬಿಡುತ್ತೇವಲ್ಲ? ನಮ್ಮ ಗಡಿ ಬೆಂಚುಗಳ ನಡುವೆ ಮೂರಡಿ ಅಗಲವಿತ್ತು.

ಅಯ್ಯನವರು ನೋಡಿದರು. ಬೈಯಲಿಲ್ಲ. ಕುರ್ಚಿಯಲ್ಲಿ ಕೂತರು. “ತಲುಪಲಿ, ಕಾಯುತ್ತೇನೆ” ಎಂದರು.

ಹತ್ತು ಹತ್ತು. ಹತ್ತೂ ಕಾಲು. ಹತ್ತೂವರೆ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೆ?

ಶಿಕ್ಷೆ ನನಗೊಬ್ಬನಿಗೇ ಆಗಿದ್ದರೆ ಸರಿ. ಎಡಗಡೆ ಕೊನೆಯ ಬೆಂಚಿನಲ್ಲಿ ಮಿಡಿಗೇಶಿಯ ರೂತಮ್ಮ ಇದ್ದರು. ಎಂಬತ್ತರ ಹತ್ತಿರ ವಯಸ್ಸು, ಮಂಡಿನೋವು. ಅವರಿಗೆ ಕನ್ನಡದ ಪಕ್ಷವೂ ಇಲ್ಲ, ತೆಲುಗಿನದೂ ಇಲ್ಲ. ಬಾಗಿಲ ಪಕ್ಕ ಜಾಗ ಸಿಕ್ಕರೆ ಸಾಕು, ಹನ್ನೊಂದರ ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಸಂಜೆಯವರೆಗೆ ಬಸ್ಸಿಲ್ಲ. ಭೋಜನ ತಪ್ಪಿದರೆ ಇನ್ನೊಂದು ತಿಂಗಳು. ನಾಲ್ಕು ತಾಲ್ಲೂಕು ಸುತ್ತುವ ಅಯ್ಯನವರು ನಮ್ಮಲ್ಲಿಗೆ ಬರುವುದು ತಿಂಗಳಿಗೊಮ್ಮೆ.

“ಅಯ್ನೋರೇ, ಸಮಾಧಾನ ಎಲ್ಲಿಗಂಟ ಬಂತು?” ಹಿಂದಿನಿಂದ ಕೂಗಿದರು.

“ನಿಮ್ಮ ಕಡೆಗೆ ಇನ್ನೂ ಹೊರಟೇ ಇಲ್ಲ ಕಣಮ್ಮ.”

“ನೇನೆಂದುಕು?” ಎಂದು ದಾವೀದಪ್ಪ ಹೆಂಡತಿಯ ಕಡೆ ತಿರುಗಿ ಗೊಣಗಿದರು. ನಾನ್ಯಾಕೆ ಮೊದಲು ಎಂದು. ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಳ್ಳುತ್ತಿದ್ದೆ, ಕನ್ನಡದಲ್ಲಿ.

ಕೋಲು ಟಕಟಕ ಎಂದಿತು. ರೂತಮ್ಮ ನಡೆದು ಬಂದು ಕೋಲನ್ನು ದಾವೀದಪ್ಪನ ತೊಡೆಯ ಮೇಲಿಟ್ಟು, ನನ್ನ ಕೈಗಳನ್ನು ಹಿಡಿದರು.

“ಕೊಡಪ್ಪ ಇತ್ಲಾಗೆ. ನಿನ್ತಾವ ಇದ್ರೆ ಹಳಸೋಯ್ತದೆ.”

ಆಮೇಲೆ ಅವರ ಕಡೆ ತಿರುಗಿ, “ತಗಳಪ್ಪ ಕಾಂಪೌಂಡ್ರೇ. ಅವ್ರ ಕೈ ಬ್ಯಾಡ, ನನ್ ಕೈ ಆಯ್ತದಾ? ಕಹಿ ಔಸ್ದಿ ಕೊಡ್ವಾಗ ನಮ್ಮನ್ನ ಕೇಳೀಯಾ?”

ಇಡೀ ದೇವಾಲಯ ನಕ್ಕಿತು. ದಾವೀದಪ್ಪನ ಕೈಗಳು ಕಂಕುಳಿಂದ ಹೊರಬಂದವು. ಸಮಾಧಾನ ಬೆಂಚಿನಿಂದ ಬೆಂಚಿಗೆ ಓಡಿತು. ಕೊನೆಯ ಬೆಂಚಿಗೆ ಬರುವಷ್ಟರಲ್ಲಿ ರೂತಮ್ಮ ಅಲ್ಲಿ ಕೂತಿದ್ದರು. “ನಂಗೆ ಎಲ್ಡ್ ಕಿತ ಸಿಕ್ತು” ಎಂದರು.

ಅಯ್ಯನವರು ಮೊದಲು ಅವರಿಗೇ ರೊಟ್ಟಿ, ದ್ರಾಕ್ಷಾರಸ ಕೊಟ್ಟರು. ಆದರೂ ಅವರು ಬಾಗಿಲು ದಾಟಿದಾಗ ಹನ್ನೊಂದಕ್ಕೆ ಎರಡೇ ನಿಮಿಷ ಬಾಕಿ. ಆ ಮಂಡಿಯಲ್ಲಿ ಬಸ್‌ಸ್ಟ್ಯಾಂಡ್ ತಲುಪುವುದುಂಟೆ? ಕೊನೆಯ ಆಶೀರ್ವಾದಕ್ಕೆ ಮುಂಚೆ ಹುಟ್ಟಿದಾಗಿನಿಂದ ಎದ್ದು ಹೋಗದವನು ನಾನು. ಅಂದು ಎದ್ದೆ, ಬಲಗಡೆಯ ಬಾಗಿಲಿನಿಂದ ಓಡಿದೆ.

ಹೋಗಿ ನೋಡಿದರೆ ಎಡಗಡೆಯ ಬಾಗಿಲಿನಿಂದ ಹೊರಟ ದಾವೀದಪ್ಪ ಆಗಲೇ ಬಸ್ಸಿಗೆ ಅಡ್ಡ ನಿಂತಿದ್ದರು. ನಾನೂ ಪಕ್ಕದಲ್ಲಿ ನಿಂತೆ. ಕಂಡಕ್ಟರ್ ನಮ್ಮಿಬ್ಬರನ್ನೂ ಒಂದೇ ಭಾಷೆಯಲ್ಲಿ ಬೈದ.

“ಟೈಮೆಷ್ಟು ಸಾರ್?” ದಾವೀದಪ್ಪ ಕೇಳಿದರು. ನಾಲ್ಕು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು.

“ಹನ್ನೊಂದು ಆರು.”

ರೂತಮ್ಮ ಹತ್ತಿದರು. ಬಸ್ಸು ಸರಕ್ಕನೆ ಮುಂದಕ್ಕೆ ಬಂತು. ನಾನು ದಾವೀದಪ್ಪನ ಕೈ ಹಿಡಿದು ಪಕ್ಕಕ್ಕೆ ಎಳೆದೆ. (ಇದನ್ನು ಸಮಾಧಾನಕ್ಕೆ ಸೇರಿಸಬಹುದೇ ಎಂದು ಅಯ್ಯನವರನ್ನೇ ಕೇಳಬೇಕು.)

ಸೋಮವಾರ ಹೊಸ ಟೈಂಟೇಬಲ್ ಅಂಟಿಸಿದ್ದೇನೆ. ತೆಲುಗು ಹಾಡು, ಹನ್ನೆರಡು ನಿಮಿಷ.

ಹದಿಮೂರಾದರೆ? ಗಂಟೆಯನ್ನು ರೂತಮ್ಮನ ಕೈಗೇ ಕೊಟ್ಟುಬಿಡುತ್ತೇನೆ.