ಕಾಲೊರಸಿನ ಮೇಲೆ ಬಂದ ಮುಂಡಾಸು

ಬೈಂದೂರಿನ ಕಡಲ ಬದಿಯ ರೆಸಾರ್ಟಿನಲ್ಲಿ ಗೆಳತಿಯ ಮಗಳ ಹುಟ್ಟುಹಬ್ಬ. ಅಪ್ಪಯ್ಯನನ್ನೂ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಅವರು ಎತ್ತಿದ ಕಾಲು ಊರದೆ ನಿಂತುಬಿಟ್ಟರು. ನೋಡಿದರೆ, ಕಾಲೊರಸಿನ ಮೇಲೆ ನಮ್ಮ ಕುಡುಬಿಯರ ಹೋಳಿ ಕುಣಿತದ ಮುಂಡಾಸು! ಅಬ್ಬಲಿಗೆ ಹೂವಿನ ಸುತ್ತು, ಮೇಲೊಂದು ಹಕ್ಕಿಯ ಗರಿ, ಒಂದೂ ಬಿಡದೆ ಅಚ್ಚು ಹಾಕಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಪ್ಪಯ್ಯ ನಮ್ಮ ಕೂಡುಕಟ್ಟಿನ, ಅಂದರೆ ಸುತ್ತಲಿನ ಕುಡುಬಿ ಮನೆಗಳೆಲ್ಲ ಸೇರಿದ ಕೂಟದ, ಮುಖ್ಯಸ್ಥರಾದ ಗುರಿಕಾರರು. ಹೋಳಿಗೆ ಮೊದಲ ಮುಂಡಾಸು ಅವರದು. ಬಿಚ್ಚಿದ ಮೇಲೂ ಅದನ್ನು ಮಣೆಯ ಮೇಲಲ್ಲದೆ ನೆಲಕ್ಕೆ ಇಟ್ಟವರಲ್ಲ. ಆ ದಿನ ಊಟವನ್ನೂ ಮಾಡದೆ ತಿರುಗಿ ನಡೆದರು.

"ಜನ ಕಾಲ್ ಒರ್ಸುದನ್ನ ನಾ ತಲಿಗ್ ಕಟ್ಟುದಿಲ್ಲೆ. ಈ ವರ್ಷ ನಂಗ್ ಹೋಳಿ ಬ್ಯಾಡ."

ಅವರು ಕಟ್ಟದಿದ್ದರೆ ಬೇರೆ ಯಾರೂ ಕಟ್ಟುವಂತಿಲ್ಲ. ಹೋಳಿಯೇ ನಿಂತುಹೋಗುತ್ತದೆ.

ಮರುದಿನ ನಾನೊಬ್ಬಳೇ ರೆಸಾರ್ಟಿಗೆ ಹೋದೆ. ಯಜಮಾನರು ಗಂಗೊಳ್ಳಿಯಲ್ಲಿ ಬೋಟ್ ಇಟ್ಟವರು. "ನಮ್ಮೂರ್ ಕಲೆ ಅಂದೇಳಿ ಮರ್ಯಾದಿಗೇ ಹಾಕ್ಸಿದ್ ಮಾರಾಯ್ರೆ" ಎಂದರು. ಅದು ನಿಜವೇ ಆಗಿತ್ತು. ನನ್ನ ಸಿಟ್ಟು ಅದಕ್ಕೇ ಇನ್ನೂ ಏರಿತು.

"ನಿಮ್ ಬೋಟಿನ್ ಮೇಲಿಪ್ಪು ದೇವ್ರ್ ಪಟ ಕಾಲೊರ್ಸಿಗೆ ಹಾಕ್ತ್ರಿಯಾ?"

ಅವರು ತಟ್ಟನೆ ಎದ್ದರು. ಅಲ್ಲೇ ಆಳುಗಳನ್ನು ಕರೆದು ಕಾಲೊರಸುಗಳನ್ನೆಲ್ಲ ತೆಗೆಸಿದರು. ಆಮೇಲೆ ಮೆಲ್ಲಗೆ, "ಗ್ವಾಡಿ ಮೇಲಾರೂ ಬರ್ಸುಕಾತ್ತಾ? ನೀವೊಂದ್ ಹೂಂ ಅನ್ನಿ" ಎಂದರು.

"ಹೂಂ ಅಂಬುಕೆ ಅದ್ ನನ್ನೊಬ್ಳದ್ದಲ್ಲ. ಎಲೆ ಅಡಿಕೆ ಹಿಡ್ಕಂಡ್ ಕೂಡುಕಟ್ಟಿಗ್ ಬನ್ನಿ."

ಬಂದರು. ನಮ್ಮ ಅಂಗಳದಲ್ಲಿ, ಹಿರಿಯರೆಲ್ಲರ ಎದುರು ಎಲೆ ಅಡಿಕೆ ಇಟ್ಟು, ತಪ್ಪಾಯಿತೆಂದು ಹೇಳಿ, ಗೋಡೆಯ ಚಿತ್ರಕ್ಕೆ ಒಪ್ಪಿಗೆ ಕೇಳಿದರು. ಹಿರಿಯರು ಸುಮ್ಮನೆ ತಲೆಯಾಡಿಸಲಿಲ್ಲ, ಬಿಸಿಬಿಸಿ ಜಗಳವನ್ನೇ ಆಡಿದರು. ಕೊನೆಗೆ ತೀರ್ಮಾನವಾಯಿತು. ಚಿತ್ರ ತಲೆಗಿಂತ ಎತ್ತರದಲ್ಲಿರಬೇಕು, ಬರೆಯುವವರು ನಮ್ಮ ಹೆಂಗಸರೇ, ಇದು ಕುಡುಬಿಯರದೆಂದು ಕೆಳಗೆ ದೊಡ್ಡದಾಗಿ ಬರೆಸಬೇಕು. ಅತಿಥಿಗಳನ್ನು ಖುಷಿಪಡಿಸಲು ಕುಣಿತಕ್ಕೆ ಕರೆಯುವ ಹಾಗಿಲ್ಲ. ಯಜಮಾನರು ಎಲ್ಲಕ್ಕೂ ಒಪ್ಪಿದರು.

ಅಪ್ಪಯ್ಯ ಎದ್ದು ಎಲೆ ಅಡಿಕೆ ಎತ್ತಿಕೊಂಡರು. ಎತ್ತಿಕೊಂಡರೆ ಒಪ್ಪಿದ ಹಾಗೆ. ಗೆದ್ದೆವು ಅನ್ನಿಸಿ ನನಗೆ ಅಲ್ಲೇ ಕುಣಿದುಬಿಡುವಷ್ಟು ಖುಷಿಯಾಯಿತು.

ಗೇಟು ದಾಟುತ್ತಿದ್ದ ಯಜಮಾನರನ್ನು ಅಪ್ಪಯ್ಯ ಕೂಗಿ ಕರೆದರು.

"ಹ್ವಾಯ್, ಹೋಳಿಗ್ ಬನ್ನಿ. ನಾ ಮುಂಡಾಸ್ ಕಟ್ಟುದ್ ಕಾಂಬುಕೆ."