ಹಳೆಯ ಇಕಾಮಾ, ಹೊಸ ಮ್ಯಾನೇಜರ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಶುಕ್ರವಾರ ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು ಎಂದು ನನ್ನ ದಿನಚರಿಯಲ್ಲಿದೆ. ನೆನಪಿನಲ್ಲಿ ಮಾತ್ರ ಬಾಯಿ ತುಂಬ ಮರಳು, ಅದು ಸಮುದ್ರದಿಂದ ಬರುವಂಥದ್ದಲ್ಲ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ರಾಜರ ಶಾಸನಗಳನ್ನು ಅನುಮಾನಿಸಲು ಕಲಿತವಳು ನಾನು. ಈಗ ನನ್ನದೇ ಕೈಬರಹವನ್ನು ಅನುಮಾನಿಸುತ್ತ ಕೂತಿದ್ದೇನೆ, ಅದೂ ಒಂದು ಫುಟ್‌ಬಾಲ್ ಪಂದ್ಯದ ವಿಷಯಕ್ಕೆ. ಆಫ್‌ಸೈಡ್ ಎಂದರೆ ಏನೆಂದು ನನಗೆ ಇಂದಿಗೂ ತಿಳಿದಿಲ್ಲ. ಏಳು ಜನರ ಆಟದಲ್ಲಿ ಅದು ಇಲ್ಲವೇ ಇಲ್ಲ ಎಂದು ಗೊತ್ತಾದ ದಿನ ನಾನು ಕುಣಿದದ್ದು ಮಾತ್ರ ಖಂಡಿತ ನಿಜ.

ಕುವೈತಿನಲ್ಲಿ ನಮ್ಮದು ಏಳು ಜನರ ತಂಡ. ಕಟ್ಟಿದವರು ನನ್ನ ಮಾವ, ಅಂದರೆ ಅಮ್ಮನ ತಮ್ಮ. ಐವತ್ತು ದಾಟಿದ ಮೇಲೂ ಹತ್ತನೇ ನಂಬರಿನ ಜೆರ್ಸಿ ಅವರದೇ. ಅದು ಹೊಟ್ಟೆಯ ಮೇಲೆ ಬಿಗಿಯಾಗಿ, ಒಂದು ಮತ್ತು ಸೊನ್ನೆಯ ನಡುವೆ ಊರಷ್ಟು ಜಾಗ ಬಿಟ್ಟಿರುತ್ತಿತ್ತು. ಆಡುವವರಲ್ಲಿ ಹೆಚ್ಚಿನವರು ನಮ್ಮ ಕರಾವಳಿಯವರು, ಅಂಗಡಿ, ಹೋಟೆಲು, ಆಫೀಸುಗಳಲ್ಲಿ ದುಡಿಯುವವರು. ಗೋಲ್‌ಕೀಪರ್ ಮಾತ್ರ ಬಾಗಲಕೋಟೆಯ ಟೆಕ್ನೀಷಿಯನ್. ನಾನು ತಂಡದ ಕಾರ್ಯದರ್ಶಿ. ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಕುವೈತಿಗೆ ಮೊದಲು ಬಂದವರು ಮೊದಲು ಆಡುವುದು. ಯಾರ ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಹಳೆಯದೋ ಅವರ ಸ್ಥಾನ ಗಟ್ಟಿ. ನಿನ್ನೆ ಮೊನ್ನೆ ಬಂದ ಹುಡುಗರು ಎಷ್ಟೇ ಚೆನ್ನಾಗಿ ಆಡಲಿ, ನೀರಿನ ಬಾಟಲಿ ಹಿಡಿದು ಗೆರೆಯ ಹೊರಗೆ ನಿಲ್ಲಬೇಕು. ಹಿರಿಯರೊಬ್ಬರು ದಣಿದು ತಾವಾಗಿಯೇ ಕೈ ಎತ್ತಿ "ಖಲಾಸ್" ಅಂದಾಗ ಮಾತ್ರ ಒಬ್ಬನಿಗೆ ಅವಕಾಶ. ಹಿರಿಯರನ್ನು ಬೇರೆ ಯಾರೂ ಹೊರಗೆ ಕರೆಯುವಂತಿಲ್ಲ. ಈ ಪದ್ಧತಿಯಲ್ಲಿ ನಾವು ವರ್ಷಗಟ್ಟಲೆ ಸೋತೆವು, ಒಂದು ದಿನವೂ ಜಗಳವಾಡಲಿಲ್ಲ.

ಮ್ಯಾನೇಜರ್ ಬಂದದ್ದು ಇಂಥ ತಂಡಕ್ಕೆ.

ಅವರು ನೈಜೀರಿಯಾದವರು. ಸಬ್ಹಾನಿನಲ್ಲಿ ಮಾವ ನೋಡಿಕೊಳ್ಳುವ ಗೋದಾಮಿನಲ್ಲಿಯೇ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಒಂದು ದಿನ ಊಟದ ಬಿಡುವಿನಲ್ಲಿ ಯಾರೋ ಎಸೆದ ಟೇಪಿನ ಉಂಡೆಯನ್ನು ಅವರು ಕಾಲಿನಲ್ಲಿ ಹಿಡಿದು, ತೊಡೆಗೆ ತಂದು, ಹೆಗಲಿಗೆ ಏರಿಸಿ, ಮತ್ತೆ ಕಾಲಿಗೆ ಇಳಿಸಿ ಕಸದ ಡಬ್ಬಕ್ಕೆ ಹಾಕಿದರಂತೆ. ಮಾವ ಅಲ್ಲಿಯೇ ಅವರನ್ನು ತಂಡಕ್ಕೆ ಕರೆದರು. ಆಡಲು. ಆದರೆ ಅವರ ಬಲ ಮೊಣಕಾಲು ಮುಗಿದುಹೋಗಿತ್ತು.

"ಆಡಲು ಆಗೋದಿಲ್ಲ ಚೇಟ್ಟಾ. ಮ್ಯಾನೇಜರ್ ಆಗುತ್ತೇನೆ," ಎಂದರು.

ಮಲಯಾಳದಲ್ಲಿ ಅಣ್ಣನನ್ನು ಕರೆಯುವಂತೆ ಚೇಟ್ಟಾ ಎಂದದ್ದು ನಿಜ. ಕೇರಳದ ಮಲಪ್ಪುರದಲ್ಲಿ ಮೂರು ಸೀಸನ್ ಆಡಿದವರು ಅವರು. ಇಂಗ್ಲಿಷ್, ಹಿಂದಿ, ಮಲಯಾಳ ಕಲಸಿ ಮಾತಾಡುತ್ತಿದ್ದರು. ಸಿಟ್ಟು ಬಂದರೆ ಶುದ್ಧ ಮಲಯಾಳ. ನನ್ನನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಕಾಸರಗೋಡಿನ ಗಡಿಯ ಈಚೆ ಹುಟ್ಟಿದ ನಮ್ಮ ಹುಡುಗರಿಗೆ ನೈಜೀರಿಯಾದವರೊಬ್ಬರು "ಓಡ್ ಮೋನೇ, ಓಡ್!" ಎಂದು ಕಿರುಚಿದಾಗ ಮೊದಲ ವಾರ ಯಾರೂ ಓಡಲಿಲ್ಲ. ಹೊಟ್ಟೆ ಹಿಡಿದು ನಕ್ಕರು.

ಅವರ ಕತೆಯನ್ನು ನಾನು ಎರಡು ಸಲ ಬರೆದುಕೊಂಡಿದ್ದೇನೆ, ಎರಡೂ ಹೊಂದುವುದಿಲ್ಲ. ಮನೆಯ ಹಿಂದಿನ ಚರಂಡಿಯ ಪಕ್ಕ ಬರಿಗಾಲಲ್ಲಿ ಆಟ ಶುರು, ಹದಿನೇಳರ ಸುಮಾರಿಗೆ ಲಾಗೋಸಿನ ಒಂದು ಕ್ಲಬ್ಬು. ಇಷ್ಟು ಎರಡರಲ್ಲೂ ಇದೆ. ಆಮೇಲೆ ಯುರೋಪಿನ ಯಾವುದೋ ಚಳಿ ಊರಿನಲ್ಲಿ ಆಯ್ಕೆಗೆ ಹೋಗಿ ಎರಡು ವಾರ ಇದ್ದರು. ಒಂದು ಕತೆಯಲ್ಲಿ ಅಲ್ಲಿ ಗೋಲು ಹೊಡೆದರು. ಇನ್ನೊಂದರಲ್ಲಿ ಹಿಮ ಬಿದ್ದು ಆಟವೇ ನಡೆಯಲಿಲ್ಲ, ಬಾಲನ್ನು ಹುಡುಕುವುದರಲ್ಲಿಯೇ ಎರಡು ವಾರ ಕಳೆಯಿತು. ಅನಂತರ ಕೋಲ್ಕತ್ತ, ಮಲಪ್ಪುರ, ಕೊನೆಗೆ ಕೊಲ್ಲಿಯ ಒಂದು ಸಣ್ಣ ಕ್ಲಬ್ಬು. ಅಲ್ಲಿ ಮೊಣಕಾಲು ಹೋಯಿತು. ಹೊಡೆದ ಗೋಲುಗಳ ಸಂಖ್ಯೆ ಪ್ರತಿ ಸಲವೂ ಬೇರೆ.

"ಹೋದ ತಿಂಗಳು ಇಷ್ಟು ಇರಲಿಲ್ಲವಲ್ಲ," ಎಂದು ನಾನು ಪುಸ್ತಕ ತೋರಿಸಿದರೆ, "ಬೆಳೆಯುತ್ತವೆ ಚೇಚಿ, ಮಕ್ಕಳ ಹಾಗೆ," ಎಂದು ನಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರ ಮಾತು ಬದಲಾಗಲಿಲ್ಲ. ಗೋದಾಮಿನ ಕಾಂಟ್ರಾಕ್ಟು ಎರಡು ತಿಂಗಳಲ್ಲಿ ಮುಗಿಯುವುದಿತ್ತು, ಅದರೊಂದಿಗೆ ಇಕಾಮಾ ಕೂಡ. ಫಿಂಟಾಸಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಶಾಲೆಯೊಂದರ ಯಜಮಾನರಿಗೆ ಒಬ್ಬ ಮ್ಯಾನೇಜರ್ ಬೇಕಾಗಿದ್ದರು. ಅವರು ಇವರ ಸರ್ಟಿಫಿಕೇಟುಗಳನ್ನೆಲ್ಲ ಮಡಚಿ ವಾಪಸು ಕೊಟ್ಟು, "ಕಾಗದ ಎಲ್ಲರ ಹತ್ತಿರ ಇರುತ್ತದೆ. ನೀನು ಒಂದು ತಂಡವನ್ನು ನಡೆಸುವುದನ್ನು ನಾನು ನೋಡಬೇಕು," ಎಂದಿದ್ದರಂತೆ. ನಡೆಸಲು ಸಿಕ್ಕಿದ್ದು ನಮ್ಮ ತಂಡ. ನಾವು ಸರಿಯಾಗಿ ನಡೆಯದಿದ್ದರೆ ಅವರು ಊರಿಗೆ ಹೋಗಬೇಕು. ಅಲ್ಲಿ ಮತ್ತೆ ಮೊದಲಿನಿಂದ.

ಮೊದಲ ಸಭೆಯಲ್ಲಿಯೇ ತಕರಾರು.

"ಕೋಚ್ ಕಲಿಸುತ್ತಾನೆ. ಮ್ಯಾನೇಜರ್ ತೀರ್ಮಾನ ಮಾಡುತ್ತಾನೆ. ನಾನು ಮ್ಯಾನೇಜರ್," ಎಂದರು ಅವರು.

"ನಮ್ಮಲ್ಲಿ ತೀರ್ಮಾನ ಮಾಡುದು ಮೀಟಿಂಗ್," ಎಂದರು ಮಾವ.

"ಪಂದ್ಯದ ಮಧ್ಯೆ ಮೀಟಿಂಗ್ ಮಾಡುತ್ತೀರಾ ಚೇಟ್ಟಾ?"

"ಮಾಡಿದ್ದುಂಟು ಮಾರಾಯ್ರೆ."

ಮಾಡಿದ್ದೂ ನಿಜವೇ. ಆಗ ಎದುರಿನವರು ಗೋಲು ಹೊಡೆದಿದ್ದರು.

ಎರಡನೇ ತಕರಾರು ಊಟದ್ದು. ಶುಕ್ರವಾರ ಅಂದರೆ ಮಹಬೂಲಾದ ಮಾವನ ಫ್ಲಾಟಿನಲ್ಲಿ ತಂಡಕ್ಕೆಲ್ಲ ಅತ್ತೆಯ ಕೋರಿ ರೊಟ್ಟಿ, ಆಮೇಲೆ ಆಟ. ಮ್ಯಾನೇಜರ್ ಅದನ್ನು ನಿಲ್ಲಿಸಿ, ಎರಡು ಬಾಳೆಹಣ್ಣು, ನೀರು, ಅಷ್ಟೇ ಎಂದರು.

"ಅಯ್ಯೋ ಪಾಪ, ಖಾಲಿ ಹೊಟ್ಟೆಯಲ್ಲಿ ಓಡುದಾ?" ಎಂದು ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಓಡಿದ ಮೇಲೆ ಎಲ್ಲರಿಗೂ ಎರಡೆರಡು ಪ್ಲೇಟು ಅಮ್ಮಾ. ನನಗೆ ಮೂರು."

ಅತ್ತೆ ಆ ಕ್ಷಣವೇ ಅವರ ಪಕ್ಷಕ್ಕೆ ಸೇರಿದರು. ಮಾವ ಸೇರಲಿಲ್ಲ. ಮ್ಯಾನೇಜರ್ ತಂದ ಮೂರನೆಯ ನಿಯಮ ಅವರಿಗೆ ನುಂಗಲಾಗದ್ದಾಗಿತ್ತು. ಇನ್ನು ಮೇಲೆ ಯಾರೂ ತಾವಾಗಿ ಖಲಾಸ್ ಎನ್ನುವಂತಿಲ್ಲ. ಮ್ಯಾನೇಜರ್ ನಂಬರ್ ಹೇಳುತ್ತಾರೆ, ಕಾರ್ಯದರ್ಶಿ ಆ ನಂಬರಿನ ಹಲಗೆ ಎತ್ತುತ್ತಾಳೆ, ಆ ನಂಬರಿನವರು ಹೊರಗೆ ಬರಬೇಕು. ಗೋದಾಮಿನ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ನಾನೇ ಹಲಗೆಗಳನ್ನು ಮಾಡಿದೆ. ಮುಂದೆ ದಪ್ಪ ಅಕ್ಷರದಲ್ಲಿ ನಂಬರು, ಹಿಂದೆ ಮೊದಲೇ ಅಚ್ಚಾಗಿದ್ದ ಛತ್ರಿಯ ಚಿತ್ರ, "ಒದ್ದೆ ಮಾಡಬೇಡಿ" ಎಂಬ ಎಚ್ಚರಿಕೆ.

"ಇವ ನಮ್ಮನ್ನು ರಟ್ಟು ತೋರಿಸಿ ಹೊರಗೆ ಹಾಕುದಾ? ನಾನು ಕುವೈತಿಗೆ ಬರುವಾಗ ಇವ ಚಡ್ಡಿ ಹಾಕಿ ಶಾಲೆಗೆ ಹೋಗ್ತಿದ್ದ," ಎಂದು ಮಾವ ಮನೆಯಲ್ಲಿ ಹೇಳಿದರು. ಅದೇ ಬಾಯಿಯಲ್ಲಿ, "ಪಾಪ, ಫಿಂಟಾಸಿನ ಕೆಲಸ ಅವನಿಗೆ ಸಿಗಬೇಕು ಮಾರಾಯ್ತಿ," ಎಂದೂ ಹೇಳಿದರು. ಎರಡೂ ಮನಸ್ಸಿನಿಂದ ಬಂದ ಮಾತುಗಳೇ.

ಮುಂದಿನ ಐದು ವಾರಗಳು ಹೇಗೆ ಕಳೆದವೋ ತಿಳಿಯದು. ಶುಕ್ರವಾರಗಳ ಟೂರ್ನಮೆಂಟಿನಲ್ಲಿ ನಾವು ಗೆಲ್ಲತೊಡಗಿದೆವು! ಮೊದಲ ಗೆಲುವಿನ ಮೇಲೆ ಏನು ಮಾಡಬೇಕೆಂದು ಯಾರಿಗೂ ಗೊತ್ತಾಗದೆ, ಸೋತಾಗ ಮಾಡುವಂತೆ ನಮ್ಮವರು ಎದುರಿನವರ ಬಳಿ ಹೋಗಿ ಅಭಿನಂದನೆ ಹೇಳಿ ಬಂದರು. ಎರಡನೆಯ ಗೆಲುವಿಗೆ ಗೋಲ್‌ಕೀಪರ್ ಮೈದಾನದ ಮಧ್ಯೆ ಅಂಗಾತ ಬಿದ್ದು, "ಯವ್ವಾ, ಇದು ಕನಸಲ್ಲ ಹೌದಲ್ರೀ?" ಎಂದು ಆಕಾಶವನ್ನು ಕೇಳಿದ. ನಾನು ಆಫೀಸಿನಲ್ಲಿ ಫೈಲುಗಳ ಅಂಚಿಗೆಲ್ಲ ಬಾಣದ ಗುರುತು ಬರೆಯುತ್ತಿದ್ದೆ. ಯಾರು ಎತ್ತ ಓಡಬೇಕೆಂದು. ಫುಟ್‌ಬಾಲ್ ಗೊತ್ತಿಲ್ಲದವಳಿಗೆ ಇಷ್ಟು ಹುಚ್ಚು ಹೇಗೆ ಹಿಡಿಯಿತೋ. ಇಷ್ಟರಲ್ಲಿ ಮಾವನನ್ನು ಹೊರಗೆ ಕರೆಯುವ ಸಂದರ್ಭ ಒಮ್ಮೆಯೂ ಬರಲಿಲ್ಲ, ಅಥವಾ ಮ್ಯಾನೇಜರ್ ಬರಲು ಬಿಡಲಿಲ್ಲ.

ಹಾಗೆ ಆ ಶುಕ್ರವಾರದ ಫೈನಲ್ ಬಂತು. ಫಿಂಟಾಸಿನ ಯಜಮಾನರು ಬಿಳಿ ದಿಶ್‌ದಾಶಾ ತೊಟ್ಟು, ಕಾಗದದ ಲೋಟದಲ್ಲಿ ಚಹಾ ಹಿಡಿದು ಬೇಲಿಯ ಆಚೆ ನಿಂತಿದ್ದರು. ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಟೈ ಕಟ್ಟಿಕೊಂಡಿದ್ದರು. ಅದನ್ನು ನೋಡಿ ಯಾರೂ ತಮಾಷೆ ಮಾಡಲಿಲ್ಲ.

ಎರಡನೆಯ ಅರ್ಧದಲ್ಲಿ ಒಂದೊಂದು ಗೋಲಿನ ಸಮ. ಮಾವ ಆಗಲೇ ನಡೆಯುತ್ತಿದ್ದರು, ಓಡುತ್ತಿರಲಿಲ್ಲ. ಬಾಲು ಅವರ ಹತ್ತಿರ ಬಂದು, ಸ್ವಲ್ಪ ಕಾದು, ಎದುರಿನವರ ಕಾಲಿಗೆ ಹೋಗುತ್ತಿತ್ತು. ಮ್ಯಾನೇಜರ್ ಒಮ್ಮೆ ಬೇಲಿಯ ಕಡೆ, ಒಮ್ಮೆ ಮಾವನ ಕಡೆ ನೋಡಿದರು. ಆಮೇಲೆ ನನ್ನತ್ತ ತಿರುಗದೆಯೇ, "ಚೇಚಿ, ಹತ್ತು," ಎಂದರು.

ಹಲಗೆಗಳು ನನ್ನ ಕಾಲ ಬಳಿ ಇದ್ದವು. ನನ್ನನ್ನು ಏರ್‌ಪೋರ್ಟಿನಿಂದ ಕರೆದುಕೊಂಡು ಬಂದ ಮಾವ. ಈ ಊರಿನ ಪ್ರತಿ ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂದು ಕಲಿಸಿದ ಮಾವ. ನನ್ನ ಕೈ ಹೋದದ್ದು ನಾಲ್ಕನೇ ನಂಬರಿಗೆ ಎಂದು ನನ್ನ ನೆನಪು. ನಾಲ್ಕು ಅಂದರೆ ತಂಡದಲ್ಲಿಯೇ ಹೊಸ ಇಕಾಮಾದವನು, ಕಳೆದ ವರ್ಷ ಬಂದ ಎಲೆಕ್ಟ್ರೀಷಿಯನ್. ಆ ದಿನ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನೂ ಅವನೇ. ಯಾರಾದರೂ ಹೊರಗೆ ಬರಬೇಕೆಂದರೆ ಕಿರಿಯರೇ ಬರಬೇಕು ಎಂದು ನನ್ನ ಕೈ ತಾನೇ ತೀರ್ಮಾನಿಸಿತೇ? ಮಹಾ ಪ್ರಗತಿಪರಳೆಂದುಕೊಂಡವಳ ಕೈ! ಕಣ್ಣು ಮುಚ್ಚಿ ಹಲಗೆಯನ್ನು ತಲೆಯ ಮೇಲೆ ಎತ್ತಿದೆ.

ಕಣ್ಣು ತೆರೆದಾಗ ಮಾವ ನನ್ನ ಕಡೆಯೇ ನೋಡುತ್ತಿದ್ದರು. ನಾಲ್ಕನೇ ನಂಬರಿನವ ಬೆನ್ನು ತಿರುಗಿಸಿ ಬಾಲಿನ ಹಿಂದೆ ಇದ್ದ. ಮಾವ ಒಂದು ಗಳಿಗೆ ನಿಂತರು. ಹಲಗೆ ನೋಡಿದರು, ಅದರ ಮುಂದೆ ಟೈ ಕಟ್ಟಿ ನಿಂತಿದ್ದ ಮ್ಯಾನೇಜರರನ್ನು ನೋಡಿದರು. ಬೇಲಿಯ ಕಡೆ ನೋಡಿದರೋ ಇಲ್ಲವೋ ನಾನು ಹೇಳಲಾರೆ. ಆಮೇಲೆ ಕೈ ಎತ್ತಲಿಲ್ಲ, ಖಲಾಸ್ ಎನ್ನಲಿಲ್ಲ. ತಲೆ ತಗ್ಗಿಸಿ, ಶಾಲೆಯಲ್ಲಿ ಹೆಸರು ಕರೆಸಿಕೊಂಡ ಹುಡುಗನಂತೆ ಓಡುತ್ತ ಹೊರಗೆ ಬಂದು ಮ್ಯಾನೇಜರರ ಪಕ್ಕದಲ್ಲಿ ಕುಳಿತರು. ಆ ದಿನ ಅವರು ನಿಜವಾಗಿ ಓಡಿದ್ದು ಅದೊಂದೇ ಸಲ.

ನಾವು ಸೋತೆವು. ಸಮವಾಗಿಯೇ ಉಳಿದು, ಪೆನಾಲ್ಟಿಗಳಲ್ಲಿ. ನಮ್ಮ ಕೊನೆಯ ಒದೆ ಗೋಲ್‌ಕೀಪರನದು. ಬಾಲು ಗೋಲಿನ ಮೇಲೆ, ಬೇಲಿಯ ಮೇಲೆ, ಕಾರುಗಳ ಮೇಲೆ ಹಾರಿ ಕಾಣೆಯಾಯಿತು. "ಸೀದಾ ಬಾಗಲಕೋಟಿಗೆ ಹೋತ್ರಿ, ಅಲ್ಲೆ ಗೋಲ್ ಆಗಿರ್ತದ!" ಎಂದು ಅವನೇ ಕೂಗಿದ. ನಾವೆಲ್ಲ ನಕ್ಕು ನಕ್ಕು ಹುಲ್ಲಿನ ಮೇಲೆ ಕುಸಿದೆವು. ಆಗಲೇ ಫಿಂಟಾಸಿನ ಯಜಮಾನರು ಮ್ಯಾನೇಜರರನ್ನು ಬೇಲಿಯ ಬಳಿಗೆ ಕರೆದರು. ನಗು ನಿಂತಿತು. ಇಬ್ಬರೂ ತುಂಬ ಹೊತ್ತು ಮಾತಾಡಿದರು, ಅಥವಾ ನನಗೆ ಹಾಗೆ ಅನಿಸಿತು. ಹಿಂತಿರುಗಿ ಬರುವಾಗ ಮ್ಯಾನೇಜರ್ ಸರಿಯಿಲ್ಲದ ಮೊಣಕಾಲಿನಲ್ಲಿಯೇ ಹಾರುತ್ತಿದ್ದರು.

"ಏನಂದರು?" ಎಂದು ಎಲ್ಲರೂ ಒಟ್ಟಿಗೆ ಕೇಳಿದೆವು.

"ಇಲ್ಲಿನ ಅಪ್ಪಂದಿರು ಮಕ್ಕಳನ್ನು ಹೊರಗೆ ಕರೆಯಲು ಬಿಡುವುದಿಲ್ಲವಂತೆ. ಮೂವರು ಕೋಚುಗಳು ಹೆದರಿ ಬಿಟ್ಟುಹೋದರಂತೆ. ನೀನು ಅಷ್ಟು ದೊಡ್ಡ ಮನುಷ್ಯನನ್ನು ಹೊರಗೆ ಕರೆದೆ, ಅವನು ಬಂದ, ನೀನೇ ಆಗಬಹುದು ಅಂದರು."

ಹಾಗೆಂದವರೇ ಮಾವನನ್ನು ಎತ್ತಿಕೊಳ್ಳಲು ಹೋಗಿ ಇಬ್ಬರೂ ಬಿದ್ದರು. ಅತ್ತೆಯ ಮನೆಯಲ್ಲಿ ಆ ಸಂಜೆ ಮ್ಯಾನೇಜರ್ ನಾಲ್ಕು ಪ್ಲೇಟು ತಿಂದರು.

ದಿನಚರಿಯಲ್ಲಿ "ಹತ್ತನೇ ಹಲಗೆ ಎತ್ತಿದೆ" ಎಂದಿದೆ. ಅದನ್ನು ಬರೆದದ್ದು ಮರುದಿನ, ಎಲ್ಲರೂ ಹತ್ತು, ಹತ್ತು ಎಂದು ನೂರು ಸಲ ಹೇಳಿದ ಮೇಲೆ. ಅತ್ತೆ ಫೋನಿನಲ್ಲಿ ತೆಗೆದ ಒಂದು ಫೋಟೋ ಇದೆ, ಆದರೆ ಹಿಂದಿನಿಂದ. ಅದರಲ್ಲಿ ಕಾಣುವುದು ನನ್ನ ಎತ್ತಿದ ಕೈಗಳು, ರಟ್ಟಿನ ಮೇಲಿನ ಛತ್ರಿ. ಮ್ಯಾನೇಜರ್ ಮೈದಾನದ ಕಡೆ ಮುಖ ಮಾಡಿದ್ದರು, ಅವರು ಹಲಗೆ ನೋಡಲೇ ಇಲ್ಲ. ನೋಡಿದವರು ಮಾವ ಒಬ್ಬರೇ.

ಈಗ ಸಂಜೆ ಕೆಲಸ ಬಿಟ್ಟ ಮೇಲೆ ಮಾವ ಎಷ್ಟೋ ದಿನ ಫಿಂಟಾಸಿಗೆ ಹೋಗಿ ಮಕ್ಕಳ ಆಟ ನೋಡುತ್ತ ನಿಲ್ಲುತ್ತಾರೆ. ಹೋದ ತಿಂಗಳು ನಾನೂ ಜೊತೆಗಿದ್ದೆ. ಮ್ಯಾನೇಜರ್ ಅಳುತ್ತಿದ್ದ ಒಂದು ಪುಟ್ಟನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಉಳಿದವರಿಗೆ ಓಡುವುದನ್ನು ತೋರಿಸುತ್ತಿದ್ದರು. ಆಗ ಮಾವನನ್ನು ಕೇಳಿಬಿಟ್ಟೆ. ಅವರು ಕೇಳಿಸಿಕೊಂಡರು, ಅದು ನನಗೆ ಗೊತ್ತು. ಮೈದಾನದಿಂದ ಕಣ್ಣು ತೆಗೆಯಲಿಲ್ಲ. ಇಂದಿನವರೆಗೂ ಉತ್ತರ ಕೊಟ್ಟಿಲ್ಲ.

"ಮಾವ, ಅವತ್ತು ನಾನು ಎತ್ತಿದ್ದು ನಿಮ್ಮ ನಂಬರಾ?"