ಹಾಲವ್ವನ ಹಿಮ್ಮಡಿ

ಹಾಲವ್ವ ಹುಟ್ಟುವಾಗ ಕಾಲು ಮುಂದೆ ಮಾಡಿ ಬಂದವಳು. ಅಂಥವರ ಹಿಮ್ಮಡಿ ತಾಗಿದರೆ ಹಿಡಿದ ಬೆನ್ನು, ಉಳುಕಿದ ಹೆಗಲು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ತಿಳವಳ್ಳಿಯ ಈ ಹುಡುಗಿ ಮದುವೆಯಾಗಿ ಹತ್ತಿಮತ್ತೂರಿನ ನಮ್ಮ ಓಣಿಗೆ ಬಂದ ಮೇಲೆ ಓಣಿಯ ಹೆಂಗಸರೆಲ್ಲ ಅವಳ ಹಿತ್ತಲಲ್ಲಿ ಬೋರಲು ಮಲಗಿದ್ದೇ ಮಲಗಿದ್ದು. ನನಗಂತೂ ಆ ಹಿಮ್ಮಡಿಯಲ್ಲಿ ವಿಶ್ವಾಸವಿಲ್ಲ. ಒದೆಯುವ ಮುಂಚೆ ಮೂರು ದಿನ ಅವಳು ಬಿಸಿ ಔಡಲೆಣ್ಣೆ ಹಚ್ಚಿ, ಹೆಗಲ ಹಿಂದಿನ ಎಲುಬಿನ ಅಂಚಿಗೆ ಹೆಬ್ಬೆರಳಿಟ್ಟು ತಿಕ್ಕುತ್ತಿದ್ದಳಲ್ಲ, ಗುಣವಾಗುತ್ತಿದ್ದುದು ಅದರಿಂದ. ಆದರೆ ಜನಕ್ಕೆ ಒದೆಯೇ ಬೇಕು, ಏನು ಮಾಡುವುದು?

ಒದೆಗೂ ಒಂದು ಕ್ರಮವಿತ್ತು. ಒದ್ದವಳು ಹಿಂತಿರುಗಿ ನೋಡದೆ ಹೊರಟುಹೋಗಬೇಕು. ಅವಳನ್ನು ಯಾರೂ ಹಿಂದಿನಿಂದ ಕರೆಯಬಾರದು. ಕರೆದರೆ ಬಿಟ್ಟ ನೋವೂ ವಾಪಸು ಬರುತ್ತದೆ.

ಅವಳ ಮಾವ ಮಹಾಲಿಂಗಪ್ಪನವರು ಮೂಗಿನ ತುದಿಯಲ್ಲೇ ಸಿಟ್ಟಿದ್ದ ಮನುಷ್ಯ. ಮಗನ ಮದುವೆಯಲ್ಲಿ ಬೀಗರು ತಮ್ಮ ಹೋಳಿಗೆಗೆ ತುಪ್ಪ ಕಡಿಮೆ ಬಡಿಸಿದರೆಂದು ಮೂರು ವರ್ಷ ಸೊಸೆಯನ್ನು ತವರಿಗೆ ಕಳಿಸಿರಲಿಲ್ಲ. ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ಹಾಲವ್ವನ ತಂಗಿಯ ಮದುವೆ ಗೊತ್ತಾಯಿತು. ಅಣ್ಣ ಉಳವಪ್ಪ ಚಕ್ಕಡಿ ಕಟ್ಟಿಕೊಂಡು ಕರೆಯಲು ಬಂದ. ಮಹಾಲಿಂಗಪ್ಪನವರು ಸುತರಾಂ ಒಪ್ಪಲಿಲ್ಲ. ಹಾಲವ್ವ ಒಲೆಯ ಮುಂದೆ ಕುಳಿತು ಅತ್ತಳು. ಎತ್ತಿ ಆಡಿಸಿದ ತಂಗಿ, ಅವಳ ತಲೆಗೆ ಅಕ್ಕಿಕಾಳು ಹಾಕಲೂ ತಾನಿಲ್ಲವೆಂದರೆ ಹೇಗೆ? ಉಳವಪ್ಪನೂ ಹಟಮಾರಿ, ಓಣಿಯ ತುದಿಯ ಬೇವಿನ ಮರದಡಿ ಎತ್ತು ಬಿಚ್ಚಿ ಕುಳಿತುಬಿಟ್ಟ.

ಮರುದಿನ ಆಳುಗಳಿಗೆ ಹತ್ತಿ ತುಂಬಿದ ಅಂಡಿಗೆ ಎತ್ತುವುದು ಹೇಗೆಂದು ತೋರಿಸಲು ಹೋಗಿ ಮಹಾಲಿಂಗಪ್ಪನವರ ಬಲಹೆಗಲ ಹಿಂದೆ ಹಿಡಿದುಕೊಂಡಿತು. ಕೈ ಎದೆಮಟ್ಟದಿಂದ ಮೇಲೇಳದು. ರುಮಾಲು ಸುತ್ತಲಾಗದು, ಬರಿತಲೆಯಲ್ಲಿ ಹೊರಬರಲಾಗದು, ಹೀಗಾಗಿ ಮನೆ ಹಿಡಿದು ಕುಳಿತರು. ಸವಣೂರಿನಿಂದ ಬಂದ ಪೈಲ್ವಾನ ಬಂದೇಸಾಬ ಬೆನ್ನ ಮೇಲೆ ಮೊಣಕೈ ಊರಿದಾಗ ಇವರು ಹಾಕಿದ ಬೊಬ್ಬೆಗೆ ಎಮ್ಮೆ ಹಗ್ಗ ಕಿತ್ತುಕೊಂಡಿತು. ಅವನು ಕೈಮುಗಿದು ಹೋದ. ಮನೆಯಲ್ಲೇ ಮದ್ದಿತ್ತು, ಆದರೆ ಸೊಸೆ ಮಾವನ ಮೈ ಮುಟ್ಟುವುದುಂಟೇ?

ದಾರಿ ಹುಡುಕಿದವಳು ಅತ್ತೆ ಅನ್ನವ್ವ. ತಿಕ್ಕುವ ಕೈ ಅತ್ತೆಯದು. ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತು, ಇನ್ನೂ ಕೆಳಗೆ, ಎಲುಬಿನ ಒಳಗಡೆಗೆ, ಉಸಿರು ಬಿಡುವಾಗ ಒತ್ತಿರಿ ಎಂದು ಹೇಳಿಕೊಡುವವಳು ಸೊಸೆ. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನನ್ನು ಅಮುಕಲು ಸಿಕ್ಕ ಮೊದಲ ಅವಕಾಶವನ್ನು ಅನ್ನವ್ವ ಹಾಳು ಮಾಡಲಿಲ್ಲ. ಬಿಸಿ ಉಪ್ಪಿನ ಗಂಟಿನಿಂದ ಕಾವೂ ಕೊಟ್ಟಳು. ಮೂರನೆಯ ದಿನಕ್ಕೆ ನೋವು ಮುಕ್ಕಾಲು ಇಳಿದಿತ್ತು. ಆದರೂ ಒದೆ ಬೀಳದೆ ಗುಣವಾಗದೆಂದು ಮಹಾಲಿಂಗಪ್ಪನವರು ಪಟ್ಟು ಹಿಡಿದರು. ಕಂಬಳಿ ಅಡ್ಡವಿದ್ದರೆ ಮುಟ್ಟಿದಂತಲ್ಲ ಎಂದು ತಾವೇ ತೀರ್ಮಾನಿಸಿ, ಹೊದ್ದು ಬೋರಲು ಮಲಗಿದರು.

ಹಾಲವ್ವ ಕೈಮುಗಿದಳು. ಹಿಮ್ಮಡಿ ಎತ್ತಿ ಒಂದು ಕೊಟ್ಟಳು. ಮೂರು ವರ್ಷದ್ದೆಲ್ಲ ಅದರಲ್ಲಿತ್ತೆಂದು ಅನ್ನವ್ವನೇ ಆಮೇಲೆ ನಮ್ಮವ್ವನ ಮುಂದೆ ಹೇಳಿದ್ದು. ಕ್ರಮದ ಪ್ರಕಾರ ಹಿಂತಿರುಗಿ ನೋಡದೆ ಹೊಸ್ತಿಲು ದಾಟಿದಳು. ಅಲ್ಲಿ ನಿಲ್ಲಲಿಲ್ಲ. ಅಂಗಳ ದಾಟಿ, ಓಣಿಯುದ್ದಕ್ಕೂ ನಡೆದು ಹೋಗಿ, ಬೇವಿನಡಿ ಇನ್ನೂ ಕಾದಿದ್ದ ಅಣ್ಣನ ಚಕ್ಕಡಿ ಹತ್ತಿದಳು. ಅವಳ ಸೀರೆಯ ಗಂಟು ಬೆಳಿಗ್ಗೆಯೇ ಅತ್ತೆಯ ಕೈಯಿಂದ ಅಲ್ಲಿಗೆ ಮುಟ್ಟಿತ್ತು.

ಗಾಲಿಯ ಸದ್ದಿಗೆ ಮಹಾಲಿಂಗಪ್ಪನವರು ಎದ್ದು ಬಾಗಿಲಿಗೆ ಓಡಿಬಂದರು. ನಿಲ್ಲಿಸಲೆಂದು ಬಲಗೈ ಎತ್ತಿದರು. ಕೈ ಸಲೀಸಾಗಿ ತಲೆಯ ಮೇಲಕ್ಕೆ ಹೋಯಿತು. ಕೂಗಲು ಬಾಯಿ ತೆರೆದವರು ಕೈಯನ್ನೇ ನೋಡುತ್ತ ನಿಂತರು.

"ಕರೀರಿ," ಎಂದಳು ಅನ್ನವ್ವ. "ಆಕಿನೂ ಬರ್ತಾಳ, ನೋವೂ ಬರ್ತೈತಿ."

ಅವರು ಬಾಯಿ ಮುಚ್ಚಿದರು. ಚಕ್ಕಡಿ ಮರೆಯಾದ ಮೇಲೆ, ಹೀಗೆ ಎಷ್ಟು ದಿನ ಕರೆಯಬಾರದು ಎಂದು ಮೆಲ್ಲಗೆ ಕೇಳಿದರು. ಅಂಥ ಲೆಕ್ಕವನ್ನು ಊರಲ್ಲಿ ಯಾರೂ ಇಟ್ಟಿರಲಿಲ್ಲ. ಅನ್ನವ್ವ ಎಣ್ಣೆ ಬಟ್ಟಲು ಎತ್ತಿಟ್ಟು, ಕೈ ಒರೆಸಿಕೊಂಡಳು.

"ಒಂದು ತಿಂಗಳ್ರೀ. ನನ್ನ ತಂಗಿ ಮದುವಿಗೆ ನೀವು ನನ್ನ ಕಳಸಲಿಲ್ಲಲ್ಲ, ಆ ದಿನಾನೂ ಸೇರಿಸೇನಿ."